ಕಾಲರ್ ಅಕ್ಕ

ನಮ್ಮ ಅತ್ತೆಗೆ ರವಿಕೆ ಹೊಲಿಯಲು ಬರುತ್ತಿರಲಿಲ್ಲ. ಹೀಗೆಂದರೆ ಬಾಪೂಜಿ ನಗರದಲ್ಲಿ ಯಾರೂ ನಂಬುತ್ತಿರಲಿಲ್ಲ, ಏಕೆಂದರೆ ಅತ್ತೆ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ಹತ್ತು ವರ್ಷದ ಮೇಲೆ ದಿನವಿಡೀ ಮಿಷನ್ನಿನ ಮುಂದೆ ಕೂತವಳು. ಹಬ್ಬ ಹತ್ತಿರ ಬಂತೆಂದರೆ ಅಕ್ಕಪಕ್ಕದ ಹೆಂಗಸರು ಬ್ಲೌಸ್ ಪೀಸು ಹಿಡಿದುಕೊಂಡು ಅವಳ ರೂಮಿನ ಮುಂದೆ ನಿಲ್ಲುತ್ತಿದ್ದರು. ಅತ್ತೆ ನಗುತ್ತಾ, "ನಂಗೆ ಕಾಲರ್ ಬಿಟ್ರೆ ಬೇರೇನೂ ಬರಲ್ಲ ಕಣ್ರೀ" ಅನ್ನುತ್ತಿದ್ದಳು. ಇವಳಿಗೆ ಎಷ್ಟು ಜಂಬ ಎಂದುಕೊಂಡು ಅವರು ಮೂತಿ ತಿರುಗಿಸಿಕೊಂಡು ಹೋಗುತ್ತಿದ್ದರು.

ಜಂಬ ಅಲ್ಲ, ನಿಜ. ಕಾರ್ಖಾನೆಯಲ್ಲಿ ಒಂದು ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬಳು ಜೇಬು ಕೂರಿಸುತ್ತಾಳೆ, ಇನ್ನೊಬ್ಬಳು ತೋಳು, ಮತ್ತೊಬ್ಬಳು ಬರೀ ಅಂಚು ಮಡಚಿ ಹೊಲಿಯುತ್ತಾಳೆ. ಅಂಗಿ ಕೈಯಿಂದ ಕೈಗೆ ಸಾಗುತ್ತಾ ಕೊನೆಗೆ ಇಸ್ತ್ರಿ ಮೇಜು ತಲುಪುತ್ತದೆ. ಇದಕ್ಕೆ ಲೈನು ಎನ್ನುತ್ತಾರೆ. ಲೈನಿನಲ್ಲಿ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಯಾರು ಯಾವ ಭಾಗ ಹೊಲಿಯುತ್ತಾರೋ ಅದೇ ಅವರ ಹೆಸರು. ಅತ್ತೆ ಕಾಲರ್ ಅಕ್ಕ. ಅವಳ ಹಿಂದೆ ಕೂರುವವಳು ತೋಳಕ್ಕ, ಮುಂದಿನವಳು ಜೇಬಕ್ಕ. ಸಂಜೆ ಬಸ್ ಸ್ಟಾಪಿನಲ್ಲೂ ಅವರು ಹಾಗೆಯೇ ಕರೆದುಕೊಳ್ಳುತ್ತಿದ್ದರು. ಮೊದಲ ಸಲ ಕೇಳಿದಾಗ ನಾನು ನಕ್ಕು ನಕ್ಕು ಸುಸ್ತಾಗಿದ್ದೆ.

ಅತ್ತೆ ಅಪ್ಪನ ಒಬ್ಬಳೇ ತಂಗಿ. ಮಾಗಡಿ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡನ ಕುಡಿತ, ಹೊಡೆತ ಎಲ್ಲವನ್ನೂ ಕೆಲವು ವರ್ಷ ಸಹಿಸಿ, ಒಂದು ಬೆಳಗ್ಗೆ ಕೈಚೀಲದಲ್ಲಿ ಹಿಡಿಯುವಷ್ಟು ಬಟ್ಟೆ ತುಂಬಿಕೊಂಡು ವಿಜಯನಗರದ ನಮ್ಮ ಮನೆಗೆ ಬಂದುಬಿಟ್ಟಳು. ನಾನಾಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ಬಂದವಳು ಅತ್ತು ಕರೆದು ಮಾಡಲಿಲ್ಲ. ಎರಡನೆಯ ದಿನವೇ ನಮ್ಮ ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟಳು. ಕೆಲವು ತಿಂಗಳು ಕಳೆದ ಮೇಲೆ ಯಾರ ಜೊತೆಗೋ ಹೋಗಿ ಗಾರ್ಮೆಂಟ್ಸಿಗೆ ಸೇರಿದಳು. ಮೊದಲ ಸಂಬಳ ಬಂದ ಸ್ವಲ್ಪ ದಿನಕ್ಕೇ ಬಾಪೂಜಿ ನಗರದಲ್ಲಿ ಒಂದು ಮಹಡಿ ರೂಮು ಹಿಡಿದಳು.

ಅಪ್ಪನಿಗೆ ತಲೆ ತಗ್ಗಿಸುವಂತಾಯಿತು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸರ್ಕಾರದ್ದಲ್ಲದ ಕೆಲಸ ಕೆಲಸವೇ ಅಲ್ಲ ಎಂದು ನಂಬಿದ್ದವರು. "ಅಣ್ಣ ಬದುಕಿದ್ದೂ ತಂಗಿ ಬಾಡಿಗೆ ರೂಮಲ್ಲಿ ಇದಾಳೆ ಅಂದ್ರೆ ನನ್ನ ಮುಖಕ್ಕೆ ಉಗೀತಾರೆ" ಎಂದು ಕೂಗಾಡಿದರು. ಅತ್ತೆ ಕೂಗಾಡಲಿಲ್ಲ. "ಉಗಿಯೋರು ಬಾಡಿಗೆ ಕಟ್ತಾರಾ ಅಣ್ಣಯ್ಯ?" ಎಂದು ಕೇಳಿ, ಚೀಲ ಎತ್ತಿಕೊಂಡು ಹೊರಟಳು. ಆ ಘಳಿಗೆಯಿಂದ ನಾನು ಅವಳ ಪಕ್ಷ.

ಭಾನುವಾರ ಬಂತೆಂದರೆ ನಾನು ಅವಳ ರೂಮಿನಲ್ಲಿರುತ್ತಿದ್ದೆ. ವಿಜಯನಗರದಿಂದ ಬಾಪೂಜಿ ನಗರ ಏನು ದೂರ? ಆದರೂ ಅಮ್ಮ ನನ್ನನ್ನು ಪರದೇಶಕ್ಕೆ ಕಳಿಸುವವಳಂತೆ ಕಳಿಸುತ್ತಿದ್ದಳು. ಅತ್ತೆಯ ಜೊತೆ ಬಸ್ಸಿನಲ್ಲಿ ಹೋಗುವುದೇ ಒಂದು ಮಜಾ. ಅವಳು ಜನರ ಮುಖ ನೋಡುತ್ತಿರಲಿಲ್ಲ, ಕತ್ತು ನೋಡುತ್ತಿದ್ದಳು. "ಆ ಸಾರ್ ಹಾಕ್ಕೊಂಡಿರೋ ಕಾಲರ್ ನೋಡೇ. ಎಡಗಡೆ ಮೂಲೆ ಸೊಟ್ಟ. ನಮ್ಮ ಲೈನಲ್ಲಾಗಿದ್ರೆ ಚೆಕಿಂಗ್‌ನೋಳು ಮುಖಕ್ಕೇ ಎಸೀತಿದ್ಲು" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಎರಡು ಮೂಲೆಗಳೂ ಒಂದೇ ಸಮ ಚೂಪಾಗಿ ನಿಂತ ಕಾಲರ್ ಕಂಡರೆ ಮಾತ್ರ ಸುಮ್ಮನೆ ಒಂದು ನಿಮಿಷ ನೋಡುತ್ತಿದ್ದಳು.

ಅವಳು ಹೊಲಿದ ಕಾಲರುಗಳು ಮಾತ್ರ ನಮ್ಮ ಬಸ್ಸು ಹತ್ತುತ್ತಿರಲಿಲ್ಲ. ಅವೆಲ್ಲ ಹಡಗಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದವು. ಕಾರ್ಖಾನೆಯಲ್ಲಿ ತಿರಸ್ಕೃತವಾದ ಪೀಸುಗಳನ್ನು ಆಯುಧಪೂಜೆಗೆ ಕೆಲಸಗಾರರಿಗೆ ಅಗ್ಗದಲ್ಲಿ ಕೊಡುತ್ತಿದ್ದರು. ಹಾಗೆ ಬಂದ ಮಕ್ಕಳ ಅಂಗಿಗಳು ಒಂದಷ್ಟು ಅತ್ತೆಯ ಟ್ರಂಕಿನಲ್ಲಿದ್ದವು. ಕೊರಳ ಹಿಂದೆ ಆರು, ಎಂಟು, ಹತ್ತು ಎಂದು ವಯಸ್ಸಿನ ಚೀಟಿ ಹೊಲಿದಿರುತ್ತಿತ್ತು. ಅವನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ.

ಎರಡು ಸಾವಿರದ ಎಂಟರ ಕೊನೆಯ ಹೊತ್ತಿಗೆ ಪೇಪರುಗಳಲ್ಲಿ ಆರ್ಥಿಕ ಹಿಂಜರಿತ ಎಂಬ ಮಾತು ದಿನವೂ ಬರತೊಡಗಿತು. ನಾನು ಬಿ.ಕಾಂ. ಓದುತ್ತಿದ್ದೆ. ಮೇಷ್ಟ್ರು ಬೋರ್ಡಿನ ಮೇಲೆ ಬಾಣಗಳನ್ನು ಬರೆದು, ಅಮೆರಿಕದಲ್ಲಿ ಮನೆಸಾಲಗಳು ಮುಳುಗಿ, ಬ್ಯಾಂಕುಗಳು ಮುಳುಗಿದ್ದು ಹೇಗೆಂದು ವಿವರಿಸುತ್ತಿದ್ದರು. ನಾನು ನೀಟಾಗಿ ಬರೆದುಕೊಳ್ಳುತ್ತಿದ್ದೆ. ಆ ಬಾಣ ಬೋರ್ಡಿನ ಅಂಚು ದಾಟಿ ಮೈಸೂರು ರಸ್ತೆಗೂ ಬರುತ್ತದೆಂದು ನನಗೆ ಹೊಳೆದಿರಲಿಲ್ಲ. ಮೊದಲು ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ, ನಿಂತಿತು. ಆಮೇಲೆ ಶನಿವಾರದ ಕೆಲಸ ನಿಂತಿತು. ಎರಡು ಲೈನುಗಳನ್ನು ಸೇರಿಸಿ ಒಂದು ಮಾಡಿದರು. ಒಂದು ಬೆಳಗ್ಗೆ ಅತ್ತೆ ಊಟದ ಡಬ್ಬಿ ಹಿಡಿದು ಹೋದಾಗ ಗೇಟಿಗೆ ಬೀಗ ಬಿದ್ದಿತ್ತು.

ಅಂದು ಗೇಟಿನ ಮುಂದೆ ನೂರಾರು ಹೆಂಗಸರು ಮಧ್ಯಾಹ್ನದ ತನಕ ನಿಂತಿದ್ದರಂತೆ. ಒಳಗಿನಿಂದ ವಾಚ್‌ಮನ್ ಬಿಟ್ಟರೆ ಯಾರೂ ಬರಲಿಲ್ಲ. ಕೊನೆಗೆ ಎಲ್ಲರೂ ಫುಟ್‌ಪಾತಿನ ಮೇಲೆ ಕೂತು, ತಂದ ಡಬ್ಬಿ ಬಿಚ್ಚಿ, ಪಲ್ಯ ಚಿತ್ರಾನ್ನ ಹಂಚಿಕೊಂಡು ತಿಂದು ಮನೆಗೆ ಹೋದರು. ಇದನ್ನು ಹೇಳುವಾಗ ಅತ್ತೆ, "ಅಲ್ಲಿ ಯಾರೋ ಸಾಲ ತೀರಿಸ್ಲಿಲ್ಲ ಅಂತ ಇಲ್ಲಿ ನನಗೆ ಕಾಲರ್ ಇಲ್ವಂತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಂಗಾಯ್ತು" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅದು ಮಾತ್ರ ಗೊತ್ತಾಗಲಿಲ್ಲ. ಅದೇ ಇನ್ನೂ ಸಿಟ್ಟು ತರಿಸುತ್ತಿತ್ತು.

ಅಪ್ಪ ಆ ವಾರವೇ ಅತ್ತೆಯನ್ನು ಮನೆಗೆ ಕರೆಸಿದರು. ಅವರಿಗೆ ಒಳಗೊಳಗೇ ಸಮಾಧಾನವಾಗಿತ್ತೆಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. "ಆಯ್ತಲ್ಲ, ನೋಡಿದ್ದಾಯ್ತಲ್ಲ. ಇನ್ನು ಆ ರೂಮು ಖಾಲಿ ಮಾಡು. ಹಿಂದಿನ ಕೋಣೆ ನಿಂಗೇ ಇರ್ಲಿ" ಅಂದರು. ಅಮ್ಮ ಕಾಫಿ ಕೊಡುತ್ತಾ, "ನಂಗೂ ಅಡುಗೆಮನೇಲಿ ಕೈಗೊಂದು ಆಸರೆ ಆಗುತ್ತೆ" ಎಂದು ಸೇರಿಸಿದಳು. ಅಮ್ಮ ಕೆಟ್ಟವಳಲ್ಲ. ಆದರೆ ಆ ಮಾತು ಕೇಳಿ ಅತ್ತೆಯ ಮುಖ ಸಣ್ಣದಾದದ್ದನ್ನು ನಾನು ಕಂಡೆ.

ಅತ್ತೆ ಅಪ್ಪನಿಗೆ ಎದುರಾಡಲಿಲ್ಲ. ಶಾಲೆ ಶುರುವಾಗುವ ಹೊತ್ತಿನವರೆಗೆ ಸಮಯ ಕೇಳಿದಳು. ಅಪ್ಪ, "ಜೂನ್ ತನಕ. ಅಷ್ಟೊತ್ತಿಗೆ ದಾರಿ ಕಾಣ್ಲಿಲ್ಲ ಅಂದ್ರೆ ನಾನೇ ಬಂದು ಸಾಮಾನು ತರ್ತೀನಿ" ಅಂದರು. ಅವಳನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದಾಗ ನಾನು ಕೇಳಿದೆ, "ನಮ್ಮನೇಲಿ ನಿಂಗೇನು ಕಷ್ಟ ಅತ್ತೆ?" ಅವಳು ರಸ್ತೆ ನೋಡುತ್ತಾ ಹೇಳಿದಳು: "ಕಷ್ಟ ಏನೂ ಇಲ್ಲ ಕಣೇ. ನಿಮ್ಮಪ್ಪ ಚಿನ್ನದಂಥೋನು. ಆದ್ರೆ ರಾತ್ರಿ ಲೈಟ್ ಆರಿಸೋಕೂ ಇನ್ನೊಬ್ರನ್ನ ಕೇಳ್ಬೇಕು ನೋಡು, ಅದು ನಂಗಾಗಲ್ಲ." ಆ ಒಂದು ರೂಮು, ಅದರ ಒಂದು ಲೈಟು, ಅದರ ಒಂದು ಬೀಗದ ಕೈ. ಅವಳಿಗೆ ಉಳಿಸಿಕೊಳ್ಳಬೇಕಾಗಿದ್ದದ್ದು ಇಷ್ಟೇ.

ಬೇರೆ ಕಾರ್ಖಾನೆಗಳಿಗೆ ಅಲೆದಳು. ಕೆಂಗೇರಿ ತನಕ ಹೋಗಿಬಂದಳು. ಎಲ್ಲೆಡೆ ಕೆಲಸ ಕಡಿಮೆ. ಇದ್ದ ಕಡೆ ಹುಡುಗಿಯರು ಬೇಕು, ನಲವತ್ತರ ಹತ್ತಿರದವರು ಬೇಡ. ಆಗ ಅವಳು ನನ್ನ ಹಳೆಯ ದುಪಟ್ಟಾ ಒಂದನ್ನು ಕತ್ತರಿಸಿ, ಕೈಸೂಜಿಯಲ್ಲೇ ರವಿಕೆ ಹೊಲಿಯಲು ಕೂತಳು. ತೋಳು ಹಿಂದುಮುಂದಾಯಿತು. ಕಂಕುಳ ಹತ್ತಿರ ಬಟ್ಟೆ ಉಬ್ಬಿ ನಿಂತಿತು. ಕೊರಳಿನ ಪಟ್ಟಿ ಮಾತ್ರ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಚೆನ್ನಾಗಿತ್ತು. ಅತ್ತೆ ಅದನ್ನು ಎತ್ತಿ ಹಿಡಿದು, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ. ನಾನು ಹಂಗನ್ನಲ್ಲ. ನಂಗೆ ಬರಲ್ಲ ಅಷ್ಟೇ" ಎಂದು ಮಡಚಿಟ್ಟಳು.

ಆಮೇಲೆ ಲೋಕಸಭೆ ಚುನಾವಣೆ ಬಂತು. ಬಾಪೂಜಿ ನಗರದ ಗಲ್ಲಿಗಳಲ್ಲಿ ಆಟೊಗಳು ಮೈಕು ಕಟ್ಟಿಕೊಂಡು ಬೆಲೆ ಏರಿಕೆ, ಬಡವರ ಬದುಕು, ಹೆಣ್ಣುಮಕ್ಕಳ ಉದ್ಧಾರ ಎಂದು ಒದರುತ್ತಾ ತಿರುಗಿದವು. ಉದ್ಧಾರ ಆಗಿದ್ದೂ ನಿಜ. ಬಾವುಟ ಹೊಲಿಯುವ ಕೆಲಸ ಸಿಕ್ಕಿತು. ಪೇಟೆಯ ಕಂಟ್ರಾಕ್ಟರ್ ಒಬ್ಬ ಬಟ್ಟೆಯ ಥಾನು ತಂದು ಹಾಕಿದ. ಬಾವುಟಕ್ಕೆ ಕಾಲರೂ ಬೇಡ, ತೋಳೂ ಬೇಡ. ನಾಲ್ಕು ಅಂಚು ಮಡಚಿ ನೇರ ಹೊಲಿಗೆ ಹಾಕಿದರೆ ಆಯಿತು. ಅತ್ತೆ ಮನೆಯೊಡತಿಯ ಹಳೇ ಕಾಲ್ಮಿಷನ್ ಕೇಳಿ ತಂದಳು. ಕೆಲಸ ಒಬ್ಬಳಿಗೆ ಮುಗಿಯುವಂಥದ್ದಲ್ಲ ಎಂದು ಲೈನಿನ ಹಳೇ ಜೊತೆಗಾತಿಯರನ್ನು ಕರೆದಳು. ತೋಳಕ್ಕ ಸಿಂಧನೂರು ಕಡೆಯವಳು, ಗಾರೆ ಕೆಲಸದ ಗಂಡನ ಜೊತೆ ಬೆಂಗಳೂರಿಗೆ ಬಂದವಳು. ಜೇಬಕ್ಕ ಅಲ್ಲೇ ಮಸೀದಿ ಹಿಂದಿನ ಗಲ್ಲಿಯವಳು. ಅತ್ತೆಯನ್ನು ಕಾಲರ್ ಆಪಾ ಅನ್ನುತ್ತಿದ್ದಳು.

ಒಂದೇ ಮಿಷನ್ನಿನಲ್ಲಿ ಮೂರು ಪಕ್ಷಗಳ ಬಾವುಟ ಹೊಲಿದರು. ಬೆಳಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು. ರೂಮಿನ ತುಂಬ ಬಣ್ಣಬಣ್ಣದ ಚಿಂದಿ. "ಯಾರಿಗೆ ಓಟು ಹಾಕ್ತೀರಿ?" ಎಂದು ನಾನು ಛೇಡಿಸಿದೆ. ತೋಳಕ್ಕ, "ಯಾರ ಬಟ್ಟಿ ಗಟ್ಟಿ ಐತಿ ಅವ್ರಿಗೆ ಹಾಕೂಣು" ಅಂದಳು. ಜೇಬಕ್ಕ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಹಾಗಾದ್ರೆ ಯಾರಿಗೂ ಇಲ್ಲ" ಎಂದು ತೀರ್ಪು ಕೊಟ್ಟಳು. ಮೂವರೂ ಓಟು ಹಾಕಿದರು, ಬಿಸಿಲಿನಲ್ಲಿ ನಿಂತು ಹಾಕಿದರು. ಫಲಿತಾಂಶ ಬಂದ ದಿನ ರಸ್ತೆಯಲ್ಲಿ ಮೆರವಣಿಗೆ ಹೋಗುವಾಗ ಅತ್ತೆ ಕಿಟಕಿಯಿಂದ ನೋಡಿದ್ದು ಗೆದ್ದವರನ್ನಲ್ಲ, ಬಾವುಟದ ಅಂಚು ಬಿಚ್ಚಿಕೊಂಡಿದೆಯೇ ಎಂದು.

ಚುನಾವಣೆ ಮುಗಿಯಿತು, ಬಾವುಟವೂ ಮುಗಿಯಿತು. ಮೇ ತಿಂಗಳು ಅರ್ಧ ಕಳೆದಿತ್ತು. ಅಪ್ಪ ಒಂದು ಸಲ ಊಟಕ್ಕೆ ಕೂತಾಗ ಹಿಂದಿನ ಕೋಣೆಗೆ ಸುಣ್ಣ ಹೊಡೆಸಬೇಕು ಎಂದರು.

ಆಗ ಜೇಬಕ್ಕನ ಮಗಳು ಓದುತ್ತಿದ್ದ ಶಾಲೆಯ ಯೂನಿಫಾರ್ಮ್ ವಿಷಯ ಬಂತು. ಗಲ್ಲಿಯೊಳಗಿನ ಸಣ್ಣ ಶಾಲೆ ಅದು, ಒಂದು ಮನೆಯ ಕೆಳಗಿನ ಅಂತಸ್ತಿನಲ್ಲಿ ನಡೆಯುತ್ತಿತ್ತು. ಪ್ರತಿ ವರ್ಷ ಹೊಲಿದು ಕೊಡುತ್ತಿದ್ದವನು ಆ ವರ್ಷ ದೊಡ್ಡ ಶಾಲೆಯೊಂದರ ಕೆಲಸ ಹಿಡಿದು ಕೈ ಕೊಟ್ಟಿದ್ದ. ಹೆಡ್ ಮಿಸ್ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮೂವರೂ ಸೀರೆ ಸರಿಪಡಿಸಿಕೊಂಡು ಹೋಗಿ ಕೇಳಿದರು. ಅಮೆರಿಕಕ್ಕೆ ಹೊಲಿದವರು ಎಂದ ಕೂಡಲೇ ಹೆಡ್ ಮಿಸ್ ಮುಖ ಅರಳಿತು. ತಿಳಿನೀಲಿ ಬಟ್ಟೆ ಕೊಟ್ಟು, ಒಂದರಿಂದ ಐದನೇ ಕ್ಲಾಸಿನ ಎಲ್ಲ ಹುಡುಗರ ಶರ್ಟನ್ನೂ ಒಪ್ಪಿಸಿದರು. ಇದೊಂದು ಕೈಹಿಡಿದರೆ ಪ್ರತಿ ವರ್ಷದ ಕೆಲಸ, ಇದೊಂದು ಕೆಟ್ಟರೆ ಹಿಂದಿನ ಕೋಣೆ. ಇದು ನಮಗೆಲ್ಲರಿಗೂ ಗೊತ್ತಿತ್ತು.

ಆ ಎರಡು ವಾರ ಆ ರೂಮು ನಡೆದ ಚಂದವನ್ನು ನಾನು ಮರೆಯಲಾರೆ. ಮಿಷನ್ ಇದ್ದದ್ದು ಒಂದು. ಆದರೂ ಇವರು ಲೈನು ಬಿಡಲಿಲ್ಲ. ಜೇಬಕ್ಕ ಕೂತು ಜೇಬು, ಮುಂದಿನ ಪಟ್ಟಿ ಮುಗಿಸಿ ಎದ್ದರೆ ತೋಳಕ್ಕ ಕೂರುವಳು. ತೋಳು, ಪಕ್ಕದ ಹೊಲಿಗೆ ಆದ ಮೇಲೆ ಅವಳು ಎದ್ದರೆ ಅತ್ತೆ ಕೂರುವಳು. ಒಬ್ಬಳೇ ಕೂತು ಎಲ್ಲ ಹೊಲಿದರೆ ಆಗದೇ ಎಂದು ನಾನು ಕೇಳಿದರೆ ಮೂವರೂ ನನ್ನನ್ನು ದುರುಗುಟ್ಟಿ ನೋಡಿದರು. ಎದ್ದು ಕೂತು, ಕೂತು ಎದ್ದು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವವರ ಹಾಗೆ ಮಿಷನ್ನು ಸುತ್ತುತ್ತಿದ್ದರು. ಸೂಪರ್‌ವೈಸರ್ ಇಲ್ಲ, ಬೈಗುಳವಿಲ್ಲ, ಬೆಲ್ ಇಲ್ಲ. ಹಾಡು ಹೇಳಿಕೊಂಡರು, ಬಿಸಿ ರೊಟ್ಟಿ ಹಂಚಿಕೊಂಡರು, ತಂತಮ್ಮ ಗಂಡಂದಿರ ತಾಯಂದಿರನ್ನು ಬೈದುಕೊಂಡರು. ನಾನು ಒಂದು ಮೂಲೆಯಲ್ಲಿ ಕೂತು ದಾರ ಕತ್ತರಿಸುತ್ತಿದ್ದೆ. ಕಾಜಾ ಹಾಕಿಸಲು, ಗುಂಡಿ ಹೊಲಿಸಲು ಶರ್ಟುಗಳನ್ನು ಪೇಟೆಗೆ ಹೊತ್ತುಕೊಂಡು ಹೋಗಿ ತರುತ್ತಿದ್ದೆ.

ಕಟಿಂಗ್ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕತ್ತರಿಸುವುದು ಗಂಡಸರ ಕೆಲಸ, ಬೇರೆ ಹಾಲಿನಲ್ಲಿ. ಆಗಲೇ ಅತ್ತೆಯ ಟ್ರಂಕಿನ ಅಂಗಿಗಳು ಹೊರಗೆ ಬಂದದ್ದು. ಆರು, ಎಂಟು, ಹತ್ತರ ಚೀಟಿಯವನ್ನು ಒಂದೊಂದು ತೆಗೆದು, ಹೊಲಿಗೆ ಬಿಚ್ಚಿ, ಬಿಡಿ ಭಾಗಗಳನ್ನು ತಿಳಿನೀಲಿ ಬಟ್ಟೆಯ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದರು. ಒಂದನೇ ಕ್ಲಾಸಿಗೆ ಆರು, ಮೂರನೇ ಕ್ಲಾಸಿಗೆ ಎಂಟು, ಐದಕ್ಕೆ ಹತ್ತು. ನಡುವಿನವರಿಗೆ ಪಕ್ಕದ ಅಳತೆ. ಒಂದು ಮಗುವನ್ನು ಕರೆದು ತೊಡಿಸಿ ನೋಡಬೇಕೆಂದು ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅಷ್ಟು ವರ್ಷ ಕಾಲರ್ ಹೊಲಿದ ಅತ್ತೆಗೆ ಅದರೊಳಗೆ ಬರುವ ಕತ್ತು ಯಾವತ್ತೂ ಎದುರಿಗೆ ಬಂದಿರಲಿಲ್ಲ. ಚೀಟಿ ಏನು ಹೇಳುತ್ತದೋ ಅದೇ ಅಳತೆ.

ಶಾಲೆ ತೆರೆಯುವ ಮುನ್ನಾದಿನ ಶರ್ಟುಗಳನ್ನು ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಕೊಂಡು ನಾಲ್ವರೂ ಹೋದೆವು. ಪುಸ್ತಕ, ಯೂನಿಫಾರ್ಮ್ ತೆಗೆದುಕೊಳ್ಳಲು ಅಪ್ಪ ಅಮ್ಮಂದಿರೂ ಬಂದು ಅಂಗಳದಲ್ಲಿ ನಿಂತಿದ್ದರು. ಹೆಡ್ ಮಿಸ್ ಮೊದಲು ಹೊಲಿಗೆ ನೋಡಿದರು. ತಿರುಗಿಸಿ ನೋಡಿದರು. ತುಂಬ ಸಂತೋಷಪಟ್ಟರು. ಆಮೇಲೆ ಮೂರನೇ ಕ್ಲಾಸಿನ ಹುಡುಗನೊಬ್ಬನನ್ನು ಕರೆದು ತೊಡಿಸಿದರು.

ಹುಡುಗ ಕಾಣಲೇ ಇಲ್ಲ. ಭುಜದ ಹೊಲಿಗೆ ಮೊಣಕೈ ಹತ್ತಿರ, ತೋಳು ಬೆರಳಿಗಿಂತ ಕೆಳಗೆ, ಅಂಚು ಮಂಡಿಯ ತನಕ. ಕಾಲರಿನೊಳಗೆ ಅವನ ಸಣ್ಣ ಕತ್ತು ಅತ್ತಿಂದಿತ್ತ ಆಡುತ್ತಿತ್ತು. ಹೆಡ್ ಮಿಸ್ ಎರಡು ಕೈಯನ್ನೂ ಸೊಂಟಕ್ಕಿಟ್ಟುಕೊಂಡು, "ಇದೇನಮ್ಮ, ಮಗೂಗೆ ಶರ್ಟ್ ಹೊಲೀರಿ ಅಂದ್ರೆ ನೈಟಿ ತಂದಿದೀರಾ?" ಅಂದರು. ಇನ್ನೊಬ್ಬನಿಗೆ ತೊಡಿಸಿದರು, ಮತ್ತೊಬ್ಬನಿಗೆ ತೊಡಿಸಿದರು. ಎಲ್ಲರದ್ದೂ ಅದೇ ಕತೆ. ಬಾಪೂಜಿ ನಗರದ ಎಂಟು ವರ್ಷಕ್ಕೂ ಅಮೆರಿಕದ ಎಂಟು ವರ್ಷಕ್ಕೂ ಅಜಗಜಾಂತರ. ತೋಳಕ್ಕ ನಿಧಾನವಾಗಿ, "ಯಕ್ಕಾ, ಅಲ್ಲೀ ಹುಡುಗೂರು ಏನ್ ತಿಂತಾವ್ ಹಂಗಾರ?" ಎಂದು ಕೇಳಿದಳು. ಯಾರೂ ನಗಲಿಲ್ಲ.

ಹೆಡ್ ಮಿಸ್, ಬಟ್ಟೆಯೆಲ್ಲ ಹಾಳಾಯಿತು, ನಾಳೆ ಮಕ್ಕಳು ಏನು ಹಾಕಿಕೊಂಡು ಬರಬೇಕು, ಇನ್ನು ನಿಮ್ಮ ಸಹವಾಸ ಬೇಡ ಎಂದು ಹೇಳುತ್ತಲೇ ಇದ್ದರು. ನನ್ನ ಕಣ್ಣ ಮುಂದೆ ಸುಣ್ಣ ಹೊಡೆದ ಹಿಂದಿನ ಕೋಣೆ ಬಂತು. ಅತ್ತೆ ಒಂದೊಂದೇ ಶರ್ಟು ಮಡಚಿ ಬೆಡ್‌ಶೀಟಿಗೆ ವಾಪಸು ಹಾಕತೊಡಗಿದಳು. ಆಗಲೂ ಕಾಲರ್ ಮುದುಡದ ಹಾಗೆ ಮಡಚುತ್ತಿದ್ದಳು.

ಆಗ ಅಂಗಳದಿಂದ ಒಬ್ಬ ತಾಯಿ ಮುಂದೆ ಬಂದಳು. ತನ್ನ ಮಗನಿಗೆ ತೊಡಿಸಿದ್ದ ಶರ್ಟಿನ ತೋಳನ್ನು ಎರಡು ಸುತ್ತು ಮಡಚಿ ನೋಡಿದಳು. ಬಟ್ಟೆಯನ್ನು ಎಳೆದು ನೋಡಿದಳು. "ಮಿಸ್, ಇದೇ ಇರ್ಲಿ ಬಿಡಿ" ಅಂದಳು. "ಹೋದ್ ವರ್ಷದ್ದು ದೀಪಾವಳಿ ಹೊತ್ತಿಗೇ ಹೊಟ್ಟೆ ಕಾಣ್ತಿತ್ತು. ಇದಾದ್ರೆ ಎರಡು ವರ್ಷ ನೋಡೋ ಹಂಗಿಲ್ಲ." ಹಿಂದಿನಿಂದ ಆಟೊ ಓಡಿಸುವ ಅಪ್ಪನೊಬ್ಬ, "ಬೆಳೆಯೋ ಮಕ್ಳು ಮಿಸ್. ಒಳಗೆ ಸೇರಿಸಿ ಹಾಕಿದ್ರಾಯ್ತು" ಅಂದ. ಮತ್ತೊಬ್ಬಳು, "ನನ್ ಚಿಕ್ಕೋನಿಗೂ ಆಮೇಲೆ ಆಗುತ್ತೆ" ಅಂದಳು. ನೋಡನೋಡುತ್ತಿದ್ದಂತೆ ಬೆಡ್‌ಶೀಟಿನ ಸುತ್ತ ನೂಕುನುಗ್ಗಲು. ಒಂದನೇ ಕ್ಲಾಸಿನವಳೊಬ್ಬಳ ಅಮ್ಮ, ಹುಡುಗಿಯರ ಲಂಗ ಯಾಕೆ ಇವರ ಕೈಲೇ ಹೊಲಿಸಬಾರದು ಎಂದು ಜಗಳಕ್ಕೇ ನಿಂತಳು. ಹೆಡ್ ಮಿಸ್ ಸೊಂಟದ ಮೇಲಿನ ಕೈ ಇಳಿಸಿದರು. ವರ್ಷವರ್ಷವೂ ದೊಡ್ಡದೇ ಕೊಡಿ ಎಂದು ಬೇಡಿಕೊಂಡರೂ ಬಟ್ಟೆ ಉಳಿಸುವ ಹಳೇ ಟೈಲರ್ ಕೇಳುತ್ತಿರಲಿಲ್ಲವಂತೆ.

ನನಗೆ ಕುಣಿಯುವಂತಾಗಿತ್ತು. ಅತ್ತೆ ಮಾತ್ರ ನಗಲಿಲ್ಲ. ಅವಳು ಮೂರನೇ ಕ್ಲಾಸಿನ ಆ ಹುಡುಗನ ಮುಂದೆ ಮಂಡಿಯೂರಿ ಕೂತು ಅವನ ಕಾಲರನ್ನೇ ನೋಡುತ್ತಿದ್ದಳು. "ತೋಳು ಮಡಚ್ಬಹುದು, ಅಂಚು ಒಳಗೆ ಹಾಕ್ಬಹುದು. ಕಾಲರ್ ಏನ್ ಮಾಡ್ತೀರಿ? ಹಿಂಗೆ ಜೋತಾಡ್ಕೊಂಡು ಹೋದ್ರೆ ಮಗು ಪಾಪ ಕಾಣ್ತಾನೆ" ಅಂದಳು. ಹೆಡ್ ಮಿಸ್ ಹತ್ತಿರ ಎರಡು ದಿನದ ಸಮಯ ಕೇಳಿಕೊಂಡಳು. ಅಂಗಳದಲ್ಲೇ ಟೇಪು ಹಿಡಿದು ಒಬ್ಬೊಬ್ಬ ಹುಡುಗನ ಕತ್ತನ್ನೂ ಅಳೆದಳು. ಕಚಗುಳಿಯಾಗಿ ಅವರು ಭುಜ ಎತ್ತಿಕೊಂಡು ನಗುತ್ತಿದ್ದರು. ಅವಳೂ ನಗತೊಡಗಿದಳು. ಆಮೇಲೆ ರೂಮಿಗೆ ತಂದು ಪ್ರತಿ ಕಾಲರಿಗೂ ಎರಡು ಗುಂಡಿ ಹೊಲಿದಳು. ಒಂದು ಒಳಗೆ, ಈ ವರ್ಷದ ಕತ್ತಿಗೆ. ಇನ್ನೊಂದು ಹೊರಗೆ, ಮುಂದಿನ ವರ್ಷದ್ದಕ್ಕೆ. ಒಳಗಿನದಕ್ಕೆ ಹಾಕಿದರೆ ಕಾಲರ್ ಹದವಾಗಿ ಕೂರುತ್ತಿತ್ತು. ಇಂಥ ಬುದ್ಧಿಯನ್ನು ಯಾವ ಲೈನೂ ಅವಳಿಗೆ ಕಲಿಸಿರಲಿಲ್ಲ. ಆ ದಿನ ನಾನು ಅವಳನ್ನು ಮೆಚ್ಚಿದಷ್ಟು ಜೀವನದಲ್ಲಿ ಯಾರನ್ನೂ ಮೆಚ್ಚಿಲ್ಲ. ಹಾಗೆಂದು ಹೇಳಿಯೂ ಹೇಳಿದೆ. "ಬಾಯ್ ಮುಚ್ಕೊಂಡು ಸೂಜಿಗೆ ದಾರ ಪೋಣಿಸು" ಅಂದಳು.

ಜೂನ್ ಕಳೆಯಿತು. ಅಪ್ಪ ಸಾಮಾನಿನ ಮಾತೆತ್ತಲಿಲ್ಲ. ಹೆಣ್ಣುಮಕ್ಕಳ ಲಂಗದ ಕೆಲಸವೂ ಬಂತು, ಪಕ್ಕದ ಗಲ್ಲಿಯ ನರ್ಸರಿ ಶಾಲೆಯದ್ದೂ ಬಂತು. ಅಷ್ಟರಲ್ಲಿ ಮುಚ್ಚಿದ ಕಾರ್ಖಾನೆ ಬೇರೊಂದು ಹೆಸರಿನ ಬೋರ್ಡು ಹಾಕಿಕೊಂಡು ಬಾಗಿಲು ತೆರೆಯಿತು. ಹಳಬರನ್ನು ಹೊಸಬರೆಂದು ಸೇರಿಸಿಕೊಳ್ಳುತ್ತಿದ್ದರು. ಅಷ್ಟು ವರ್ಷದ ಸರ್ವಿಸ್ ಗಾಳಿಗೆ ಹೋಗಿತ್ತು. ತೋಳಕ್ಕ ಸೇರಿದಳು. ಅವಳ ಚಿಕ್ಕ ಮಗನಿಗೆ ಉಬ್ಬಸ, ಕಾರ್ಖಾನೆ ಕೆಲಸಗಾರರಿಗೆ ಸಿಗುವ ಇಎಸ್‌ಐ ಆಸ್ಪತ್ರೆ ಬಿಟ್ಟರೆ ಗತಿಯಿಲ್ಲ. ಹೇಳಲು ಬಂದವಳು ಅತ್ತೆಯ ಕೈ ಹಿಡಿದುಕೊಂಡು, "ಸಿಟ್ಟ ಮಾಡ್ಕೋಬ್ಯಾಡ್ರಿ ಯಕ್ಕಾ" ಎಂದು ಅತ್ತಳು. ಅತ್ತೆ, "ಹುಚ್ಚೀ, ಮಗು ಮುಖ್ಯ ಕಣೇ. ಹೋಗೋ ಮುಂಚೆ ತೋಳು ಕೂರಿಸೋದು ಹೇಳ್ಕೊಟ್ಟು ಹೋಗು" ಅಂದಳು. ಹೇಳಿಕೊಟ್ಟೇ ಹೋದಳು. ಆಮೇಲೂ ಭಾನುವಾರ ಬಂದು ಒಂದಷ್ಟು ಹೊಲಿದುಕೊಟ್ಟು ಹೋಗುತ್ತಿದ್ದಳು. ಅತ್ತೆಯನ್ನೂ ಕಾರ್ಖಾನೆಯವರು ಕರೆದಿದ್ದರು. ಅವಳು ಹೋಗಲಿಲ್ಲ. ಅಲ್ಲಿ ಇನ್ನೊಂದು ಸಲ ಬೀಗ ಬೀಳುವುದಿಲ್ಲ ಎಂದು ಯಾರು ಹೇಳಬಲ್ಲರು?

ಗೌರಿ ಹಬ್ಬ ಬಂತು. ತವರಿನವರು ಮಗಳ ಮನೆಗೆ ಹೋಗಿ ಮೊರದ ಬಾಗಿನ ಕೊಡುವುದು ನಮ್ಮ ಕಡೆಯ ಪದ್ಧತಿ. ಗಂಡನ ಮನೆ ಬಿಟ್ಟು ಬಂದವಳಿಗೆ ಎಲ್ಲಿಗೆ ಕೊಂಡುಹೋಗುವುದು? ಅಪ್ಪ ಪ್ರತಿ ವರ್ಷವೂ ಅತ್ತೆಯನ್ನು ನಮ್ಮ ಮನೆಗೇ ಕರೆಸಿ, ಹಿತ್ತಲ ಬಾಗಿಲ ಹತ್ತಿರ ನಿಲ್ಲಿಸಿ, ಅಮ್ಮನ ಕೈಯಿಂದ ಕೊಡಿಸುತ್ತಿದ್ದರು. ಬೀದಿಯವರು ಕೇಳಬಾರದೆಂದು. ಅತ್ತೆ ಸುಮ್ಮನೆ ತೆಗೆದುಕೊಂಡು ಹೋಗುತ್ತಿದ್ದಳು. ಬಾಪೂಜಿ ನಗರಕ್ಕೆ ಅಪ್ಪ ಹೋದದ್ದೇ ಅಪರೂಪ. ಹೋದರೂ ಕೆಳಗೆ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆದು ಅವಳನ್ನೇ ಕೆಳಗೆ ಕರೆಯುತ್ತಿದ್ದರು. ಆ ಮೆಟ್ಟಿಲನ್ನು ಅವರು ಒಮ್ಮೆಯೂ ಹತ್ತಿರಲಿಲ್ಲ.

ಆ ವರ್ಷ ಹಬ್ಬದ ಬೆಳಗ್ಗೆ ಸ್ನಾನ ಮಾಡಿ, ಪಂಚೆ ಉಟ್ಟು ಬಂದು, ಅಮ್ಮನಿಗೆ "ಬಾಗಿನ ತುಂಬಿಸು" ಅಂದರು. ಅಮ್ಮ, "ಅವಳು ಬರ್ಲಿ, ಆಮೇಲೆ ತುಂಬಿಸ್ತೀನಿ" ಅಂದಳು. ಅಪ್ಪ ಸ್ಕೂಟರಿನ ಕೀಲಿ ತೆಗೆದುಕೊಂಡರು. ಅಮ್ಮ ಅವರ ಮುಖ ನೋಡಿ, ಮೊರ ತೊಳೆದು, ಅರಿಶಿನ ಹಚ್ಚಿ, ಅಕ್ಕಿ, ಬೇಳೆ, ಬೆಲ್ಲ, ಬಳೆ, ತೆಂಗಿನಕಾಯಿ ಎಲ್ಲ ಇಟ್ಟಳು. ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ಹಿಂದೆ ಕೂತೆ. ಹೊಸಹಳ್ಳಿ ಕಡೆ ಮೆಟ್ರೊಗೆಂದು ರಸ್ತೆ ಅಗೆದಿದ್ದರು. ಮೊರ ಅಲುಗದ ಹಾಗೆ ಅಪ್ಪ ಮೆಲ್ಲಗೆ ಓಡಿಸಿದರು.

ಗಲ್ಲಿಯಲ್ಲಿ ಅವರು ಹಾರ್ನ್ ಹೊಡೆಯಲಿಲ್ಲ. ಮೊರವನ್ನು ನನ್ನಿಂದ ತೆಗೆದುಕೊಂಡು, ಎರಡು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು. ಆ ಮೆಟ್ಟಿಲು ಕಡಿದಾದದ್ದು, ಒಬ್ಬರು ಹತ್ತುವಷ್ಟೇ ಜಾಗ. ಮೇಲಿನ ಮನೆಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಅಪ್ಪ ಯಾರಿಂದಲೂ ಮುಖ ಮರೆಸಿಕೊಳ್ಳಲಿಲ್ಲ. ಮಿಷನ್ನಿನ ಸದ್ದು ನಿಂತು ಅತ್ತೆ ಬಾಗಿಲಿಗೆ ಬಂದಳು. ಮೊರ ಕಂಡಳು. ಅಣ್ಣನ ಮುಖ ಕಂಡಳು. ಅವಳ ಗಂಡ ಹೊಡೆದಾಗ, ಕಾರ್ಖಾನೆಗೆ ಬೀಗ ಬಿದ್ದಾಗ, ಹೆಡ್ ಮಿಸ್ ಬೈದಾಗ ಬಾರದ ನೀರು ಆಗ ಕಣ್ಣಲ್ಲಿ ಬಂತು.

"ಇನ್ಮೇಲೆ ಬಾಗಿನಕ್ಕೆ ನೀನು ಬರ್ಬೇಡ" ಅಂದರು ಅಪ್ಪ. "ತವರಿನೋರು ನಾವೇ ಬರ್ತೀವಿ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಬಾ ಅಣ್ಣಯ್ಯ" ಅಂದಳು. "ನೋಡ್ಕೊಂಡು ಕಾಲಿಡು. ಸೂಜಿ ಬಿದ್ದಿರ್ತವೆ."

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು.